ಸೈಲೆನ್ಸರ್ ಬದಲಿಸಿದರೆ ಎಮಿಷನ್ ಟೆಸ್ಟ್ ಪಾಸ್ ಆಗುತ್ತಾ?

ಕಿರಣ್ ಅವರೇ, ನಿಮ್ಮದು 2018ರ ಸ್ವಿಫ್ಟ್ ಪೆಟ್ರೋಲ್, ಬಿಎಸ್4 ಹೊಗೆ ಮಾನದಂಡದ್ದು. ಹೆಡರ್‌ನಿಂದ (ಇಂಜಿನ್ನಿಂದ ಹೊಗೆ ಹೊರಬರುವ ಮೊದಲ ಪೈಪ್‌ಗಳು) ಹಿಡಿದು ಹಿಂದಿನ ತುದಿವರೆಗೆ ಪೂರ್ತಿ ಸೆಟ್ ಬದಲಿಸಿ ಕೊಡುತ್ತೇನೆ, ಎಮಿಷನ್ ಟೆಸ್ಟ್ ಚಿಂತೆ ಬೇಡ ಅಂತ ಅಂಗಡಿಯವರು ಹೇಳಿದ್ದಾರೆ. ಅದು ನಿಜಾನಾ ಅಂತ ಕೇಳಿದ್ದೀರಿ. ನಾನು ಗ್ಯಾರೇಜ್ ಕೆಲಸ ಮಾಡುವವನು, ನೇರವಾಗಿ ಹೇಳಿಬಿಡುತ್ತೇನೆ. ಹಿಂದಿನ ಮಫ್ಲರ್, ಅಂದರೆ ಸೈಲೆನ್ಸರ್ ಡಬ್ಬಿ, ಬದಲಿಸುವುದಿದ್ದರೆ ಬದಲಿಸಿ, ಶಬ್ದ ಮಿತಿಯಲ್ಲಿದ್ದರೆ ಸಾಕು. ಹೆಡರ್ ಮಾತ್ರ ಮುಟ್ಟಿಸಬೇಡಿ.

ಕಾರಣ ಇಷ್ಟೇ. ಈಚಿನ ಬಹಳಷ್ಟು ಪೆಟ್ರೋಲ್ ಕಾರುಗಳಲ್ಲಿ ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ (ಕ್ಯಾಟ್) ಇರುವುದು ಇಂಜಿನ್ನಿಗೆ ಅಂಟಿಕೊಂಡ ಹಾಗೆ, ಹೊಗೆ ಹೊರಬರುವ ಮ್ಯಾನಿಫೋಲ್ಡ್ ಪಕ್ಕದಲ್ಲೇ. ಸುಮಾರು 300 ಡಿಗ್ರಿ ಬಿಸಿ ಆಗುವವರೆಗೆ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ. ಬೇಗ ಬಿಸಿ ಆಗಲಿ ಅಂತಲೇ ಅಷ್ಟು ಹತ್ತಿರ ಇಟ್ಟಿರುತ್ತಾರೆ. ಹಾಗಾಗಿ "ಹೆಡರ್ ಹಾಕುತ್ತೇವೆ" ಅಂದರೆ ಹೆಚ್ಚಿನ ಸಲ ಕ್ಯಾಟ್ ಕೂಡ ಜೊತೆಗೆ ಹೋಗುತ್ತದೆ. ಅಂಗಡಿಯವರು ಈ ಮಾತನ್ನು ಬಾಯಿ ಬಿಟ್ಟು ಹೇಳುವುದು ಕಡಿಮೆ. ನೀವೇ ಕೇಳಿ: "ಕ್ಯಾಟ್ ಉಳಿಯುತ್ತಾ, ಇಲ್ವಾ?"

ಈಗ ಟೆಸ್ಟ್ ವಿಷಯ. ಬಿಎಸ್4 ಪೆಟ್ರೋಲ್ ಕಾರಿಗೆ ಐಡ್ಲಿಂಗ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ (ಸಿಒ) 0.3%, ಹೈಡ್ರೋಕಾರ್ಬನ್ 200 ಪಿಪಿಎಂ ದಾಟಬಾರದು. ಆಮೇಲೆ ಸುಮಾರು 2500 ಆರ್‌ಪಿಎಂಗೆ ರೇಸ್ ಕೊಟ್ಟು ಇನ್ನೊಮ್ಮೆ ನೋಡಬೇಕು. ಅಲ್ಲಿ ಸಿಒ 0.2% ಒಳಗಿರಬೇಕು, ಲ್ಯಾಂಬ್ಡಾ, ಅಂದರೆ ಗಾಳಿ-ಪೆಟ್ರೋಲ್ ಹದದ ಅಳತೆ, 0.97ರಿಂದ 1.03ರ ನಡುವೆ ಇರಬೇಕು. ಕ್ಯಾಟ್ ಚೆನ್ನಾಗಿರುವ ಕಾರಿನಲ್ಲಿ ಸಿಒ ಹೆಚ್ಚುಕಡಿಮೆ ಸೊನ್ನೆ ತೋರಿಸುತ್ತದೆ. ಕ್ಯಾಟ್ ತೆಗೆದರೆ ಇಂಜಿನ್ ಎಷ್ಟೇ ಆರೋಗ್ಯವಾಗಿದ್ದರೂ 0.5% ಅಥವಾ ಅದಕ್ಕಿಂತ ಜಾಸ್ತಿ ಬರುವುದು ಮಾಮೂಲು. ಪ್ಲಗ್, ಏರ್ ಫಿಲ್ಟರ್ ಬದಲಿಸಿ ಅದನ್ನು 0.2ಕ್ಕೆ ಇಳಿಸುವುದು ಆಗದ ಮಾತು.

ಈ ಚರ್ಚೆಯಲ್ಲಿ ಒಬ್ಬರು ಸ್ಪೇಸರ್ ಹಾಕಿಸಿ ಅಂದಿದ್ದಾರೆ. ಕ್ಯಾಟ್ ಹಿಂದಿನ ಆಕ್ಸಿಜನ್ ಸೆನ್ಸರ್ ಅನ್ನು ಸ್ವಲ್ಪ ಹೊರಗೆಳೆದು ಕೂರಿಸುವ ಚಿಕ್ಕ ತುಂಡು ಅದು. ಅದರಿಂದ ಕ್ಯಾಟ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನುವ ಪಿ0420 ಕೋಡ್ ಹೋಗಿ ಚೆಕ್ ಇಂಜಿನ್ ದೀಪ ಆರಬಹುದು. ಆದರೆ ಎಮಿಷನ್ ಯಂತ್ರ ಅಳೆಯುವುದು ಪೈಪಿನಿಂದ ಬರುವ ಹೊಗೆಯನ್ನು. ಅದಕ್ಕೆ ಸ್ಪೇಸರ್ ಏನೂ ಮಾಡುವುದಿಲ್ಲ.

ಕ್ಯಾಟ್ ಮುಟ್ಟದೆ ಬರೀ ಹಿಂದಿನ ಭಾಗ ಬದಲಿಸಿದವರೂ ಟೆಸ್ಟ್‌ನಲ್ಲಿ ಫೇಲ್ ಆಗುವುದುಂಟು. ಸಿಒ ಸರಿ ಇರುತ್ತದೆ, ಲ್ಯಾಂಬ್ಡಾ ಮಾತ್ರ 1.03 ದಾಟಿರುತ್ತದೆ. ಆಗ ಎಲ್ಲರೂ ಇಂಜಿನ್ ಮೇಲೆ ಅನುಮಾನ ಪಡುತ್ತಾರೆ. ನಾನು ಮೊದಲು ನೋಡುವುದು ಜಾಯಿಂಟ್‌ಗಳನ್ನು. ವೆಲ್ಡಿಂಗ್‌ನಲ್ಲಿ ಸಣ್ಣ ತೂತು, ಫ್ಲೇಂಜ್ (ಎರಡು ಪೈಪ್ ಸೇರುವ ಚಪ್ಪಟೆ ಅಂಚು) ನಡುವೆ ಹಳೇ ಪ್ಯಾಕಿಂಗ್ ಅನ್ನೇ ಹಾಕಿರುವುದು, ಕ್ಲ್ಯಾಂಪ್ ಸಡಿಲ, ಇಷ್ಟು ಸಾಕು. ಪೈಪಿನೊಳಗೆ ಒತ್ತಡ ಏರಿಳಿಯುತ್ತಲೇ ಇರುತ್ತದೆ. ಇಳಿದಾಗ ಹೊರಗಿನ ಗಾಳಿ ಒಳಗೆ ಸೇರುತ್ತದೆ. ಹೊಗೆಯಲ್ಲಿ ಆಮ್ಲಜನಕ ಹೆಚ್ಚಾಗಿ ಲ್ಯಾಂಬ್ಡಾ ಮೇಲೇರುತ್ತದೆ.

ಇದೇ ಲೀಕ್ ಮುಂದಿನ ಆಕ್ಸಿಜನ್ ಸೆನ್ಸರ್‌ಗಿಂತ ಮೊದಲೇ ಇದ್ದರೆ ಇನ್ನೂ ಕಷ್ಟ. ಪೆಟ್ರೋಲ್ ಕಡಿಮೆ ಆಗಿದೆ ಅಂತ ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ತಪ್ಪು ತಿಳಿದು ಜಾಸ್ತಿ ಸುರಿಯುತ್ತದೆ. ಸಿಒ ಏರುತ್ತದೆ, ಮೈಲೇಜ್ ಬೀಳುತ್ತದೆ, ಹಾಗೇ ಓಡಿಸಿದರೆ ಕ್ಯಾಟ್ ಕೂಡ ಹಾಳಾಗುತ್ತದೆ.

ಲೀಕ್ ಹುಡುಕುವುದು ಸುಲಭ. ಬೆಳಗ್ಗೆ ಇಂಜಿನ್ ತಣ್ಣಗಿರುವಾಗ, ಬಯಲಲ್ಲಿ, ಸ್ಟಾರ್ಟ್ ಮಾಡಿ. ದಪ್ಪ ಬಟ್ಟೆ ಮಡಚಿ ಹಿಂದಿನ ಪೈಪಿಗೆ ಕೆಲವೇ ಸೆಕೆಂಡು ಒತ್ತಿ ಹಿಡಿಯಿರಿ, ಇನ್ನೊಬ್ಬರು ಪಕ್ಕದಲ್ಲಿ ಬಗ್ಗಿ ಕೇಳಲಿ. ಎಲ್ಲಿ "ಚುಸ್ ಚುಸ್" ಅನ್ನುತ್ತದೋ ಅಲ್ಲೇ ಲೀಕ್. ಅನುಮಾನ ಇದ್ದರೆ ಜಾಯಿಂಟ್‌ಗೆ ಸೋಪಿನ ನೀರು ಹಚ್ಚಿ, ಗುಳ್ಳೆ ಏಳುತ್ತದೆ. ಸ್ವಲ್ಪ ದಿನ ಓಡಿದ ಕಾರಾದರೆ ಫ್ಲೇಂಜ್ ಸುತ್ತ ಕಪ್ಪು ಮಸಿಯೇ ಗುರುತು ಹೇಳುತ್ತದೆ. ಗ್ಯಾರೇಜಿನ ಶೆಡ್ ಒಳಗೆ ಬಾಗಿಲು ಹಾಕಿಕೊಂಡು ಇದನ್ನು ಮಾಡಬೇಡಿ. ಸಿಒ ವಾಸನೆ ಬರುವುದಿಲ್ಲ, ಜೀವ ತೆಗೆಯುತ್ತದೆ.

ಟೆಸ್ಟ್‌ಗೆ ಹೋಗುವಾಗ ಹದಿನೈದು ಇಪ್ಪತ್ತು ನಿಮಿಷ ಓಡಿಸಿಕೊಂಡೇ ಹೋಗಿ. ಮನೆ ಪಕ್ಕದ ಬಂಕಿಗೆ ತಣ್ಣನೆ ಇಂಜಿನ್ನಲ್ಲಿ ಹೋದರೆ ಕ್ಯಾಟ್ ಇನ್ನೂ ಕೆಲಸ ಶುರು ಮಾಡಿರುವುದಿಲ್ಲ. ಎಸಿ ಆಫ್ ಮಾಡಿ. ಯಂತ್ರದ ಪ್ರೋಬ್ (ಹೊಗೆ ಎಳೆಯುವ ಕೊಳವೆ) ಪೈಪಿನೊಳಗೆ ಕನಿಷ್ಠ 30 ಸೆಂ.ಮೀ. ಹೋಗಬೇಕು. ಪೈಪಿನ ತುದಿಗೆ ಅಗಲ ಬಾಯಿಯ ಶೋ ಟಿಪ್ ಹಾಕಿಸಿದವರಿಗೆ ಇದು ಮುಖ್ಯ. ಪ್ರೋಬ್ ತುದಿಯಲ್ಲೇ ನಿಂತರೆ ಹೊರಗಾಳಿ ಬೆರೆತು ರೀಡಿಂಗ್ ತಪ್ಪುತ್ತದೆ.

"ಟೆಸ್ಟ್ ದಿನ ಕಂಪನಿ ಸೆಟ್ ಹಾಕಿಸಿ, ಮರುದಿನ ಬಿಚ್ಚಿಸಿ" ಅನ್ನುವ ಸಲಹೆಯೂ ಬಂದಿದೆ. ದಯವಿಟ್ಟು ಬೇಡ. ಪ್ರತಿ ಸಲ ಬಿಚ್ಚುವಾಗ ಬೆಂದ ಸ್ಟಡ್ (ಪೈಪ್ ಬಿಗಿಯುವ ಬೋಲ್ಟ್) ಮುರಿಯುವ ಅಪಾಯ ಇದೆ, ಮುರಿದರೆ ಇಂಜಿನ್ ಹೆಡ್‌ನಲ್ಲಿ ಡ್ರಿಲ್ ಹೊಡೆಯುವ ಕೆಲಸ. ಅದಕ್ಕಿಂತ ದೊಡ್ಡ ಮಾತು, ವರ್ಷದ ಉಳಿದ ದಿನಗಳೆಲ್ಲ ಆ ಹೊಗೆ ಸಿಗ್ನಲ್‌ನಲ್ಲಿ ನಿಮ್ಮ ಹಿಂದೆ ನಿಂತ ಸ್ಕೂಟರ್‌ನವರ ಮೂಗಿಗೆ ಹೋಗುತ್ತದೆ. ಅವರ ಮುಂದೆ ನಿಂತ ಮಗುವಿನ ಮೂಗಿಗೂ ಹೋಗುತ್ತದೆ. ನಮ್ಮ ಎಮಿಷನ್ ಟೆಸ್ಟ್ ನೈಟ್ರೋಜನ್ ಆಕ್ಸೈಡ್ ಅಳೆಯುವುದೇ ಇಲ್ಲ. ಅದನ್ನು ತಡೆಯುವುದೂ ಕ್ಯಾಟ್ ಒಳಗಿನ ರೋಡಿಯಮ್ ಅನ್ನುವ ಲೋಹವೇ. ಹೇಗೋ ಪಾಸ್ ಆಯಿತು ಅಂದ ಮಾತ್ರಕ್ಕೆ ಹೊಗೆ ಚೊಕ್ಕ ಆಯಿತು ಅಂತಲ್ಲ.

ಪಿಕಪ್ ಆಸೆಗೆ ಹಾಕಿಸುವುದಾದರೆ ದುಡ್ಡು ಉಳಿಸಿ. ಟರ್ಬೊ ಇಲ್ಲದ 1.2 ಲೀಟರ್ ಇಂಜಿನ್ನಲ್ಲಿ ಮಫ್ಲರ್ ಬದಲಾವಣೆಯಿಂದ ಸಿಗುವ ಶಕ್ತಿ ನಿಮ್ಮ ಕಾಲಿಗೆ ಗೊತ್ತಾಗುವಷ್ಟಿರುವುದಿಲ್ಲ. ಜೋರು ಶಬ್ದಕ್ಕೆ ಗಾಡಿ ಓಡುತ್ತಿದೆ ಅನ್ನಿಸುತ್ತದೆ, ಅಷ್ಟೇ. ಟರ್ಬೊ ಪೆಟ್ರೋಲ್ ಲೆಕ್ಕ ಬೇರೆ, ಅಲ್ಲಿ ಡೌನ್‌ಪೈಪ್ (ಟರ್ಬೊದಿಂದ ಹೊರಡುವ ಪೈಪ್) ಬದಲಿಸಿದರೆ ವ್ಯತ್ಯಾಸ ಕಾಣುತ್ತದೆ. ಆದರೆ ಅಲ್ಲೂ ಕ್ಯಾಟ್ ತೆಗೆದರೆ ಕಥೆ ಇದೇ.

ಶಬ್ದವನ್ನು ಎಮಿಷನ್ ಸೆಂಟರ್‌ನಲ್ಲಿ ಯಾರೂ ನೋಡುವುದಿಲ್ಲ, ರಸ್ತೆಯಲ್ಲಿ ಪೊಲೀಸರು ನೋಡುತ್ತಾರೆ. ಹೊಗೆ, ಶಬ್ದ ಎರಡೂ ಮೋಟಾರು ವಾಹನ ಕಾಯ್ದೆಯ 190(2)ನೇ ಸೆಕ್ಷನ್‌ಗೆ ಬರುತ್ತವೆ. 2019ರ ತಿದ್ದುಪಡಿ ಪ್ರಕಾರ 10,000 ರೂಪಾಯಿವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಜೈಲು ಅಥವಾ ಎರಡೂ. ಲೈಸೆನ್ಸಿಗೂ ಮೂರು ತಿಂಗಳು ತೊಂದರೆ. ಕೈಯಲ್ಲಿ ಎಮಿಷನ್ ಸರ್ಟಿಫಿಕೇಟ್ ಇದೆ ಅಂದರೆ ಶಬ್ದದ ಕೇಸ್‌ನಲ್ಲಿ ಅದು ಉಪಯೋಗಕ್ಕೆ ಬರುವುದಿಲ್ಲ.

ಬಿಎಸ್6 ಡೀಸೆಲ್‌ನಲ್ಲಿ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ತೆಗೆಸುವ ಬಗ್ಗೆ ಕೇಳಿದವರಿಗೆ: ಬೇಡವೇ ಬೇಡ. ಡಿಪಿಎಫ್ ಪದೇ ಪದೇ ಕಟ್ಟುತ್ತಿದ್ದರೆ ಗಾಡಿಯನ್ನು ಹೈವೇಯಲ್ಲಿ ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಿಸಿ, ಮಸಿ ತಾನಾಗಿ ಸುಡಲಿ. ಆಗಲೂ ಸರಿಹೋಗದಿದ್ದರೆ ಇಂಜೆಕ್ಟರ್, ಇಜಿಆರ್ (ಸ್ವಲ್ಪ ಹೊಗೆಯನ್ನು ಮತ್ತೆ ಇಂಜಿನ್ನಿಗೆ ಕಳಿಸುವ ವಾಲ್ವ್) ತೋರಿಸಿ.

ಕಿರಣ್, ಕೊನೆಗೆ ಮಫ್ಲರ್ ಮಾತ್ರ ಹಾಕಿಸುವುದು ಅಂತಾದರೆ ಕಂಪನಿ ಪೈಪ್ ಕತ್ತರಿಸಲು ಬಿಡಬೇಡಿ. ಬೋಲ್ಟ್ ಹಾಕಿ ಕೂರಿಸುವಂಥದ್ದನ್ನೇ ಕೇಳಿ, ಪ್ಯಾಕಿಂಗ್ ಹೊಸದು ಹಾಕಿಸಿ, ಬಿಲ್ ತೆಗೆದುಕೊಳ್ಳಿ. ಇನ್ಶೂರೆನ್ಸ್ ಕಂಪನಿಗೂ ತಿಳಿಸಿಬಿಡಿ. ಹಳೇ ಸೈಲೆನ್ಸರ್ ಗುಜರಿಗೆ ಕೊಡಬೇಡಿ, ಕಾರು ಮಾರುವಾಗ ಕೊಳ್ಳುವವರು ಅದನ್ನೇ ಕೇಳುತ್ತಾರೆ. ಅಂಗಡಿಯವರು ಕೊಟ್ಟ ಕೊಟೇಶನ್ ಫೋಟೊ ಇಲ್ಲಿ ಹಾಕಿ, ಅದರಲ್ಲಿ ಕ್ಯಾಟ್ ಉಳಿಯುತ್ತಾ ಇಲ್ವಾ ನೋಡಿ ಹೇಳುತ್ತೇನೆ.