ಅಪ್ಪನ ಲೆಕ್ಕದ ಪುಸ್ತಕಕ್ಕೆ ಶೇಷದ ಬೀಗ

ಪ್ರಶ್ನೆ: ನಾನು ಶಿಡ್ಲಘಟ್ಟದಲ್ಲಿ ದ್ವಿತೀಯ ಪಿಯುಸಿ ಓದುತ್ತಿದ್ದೇನೆ. ಅಪ್ಪ ರೇಷ್ಮೆ ರೀಲರ್. ಯಾರಿಗೆ ಎಷ್ಟು ಕೊಡಬೇಕು, ಯಾರಿಂದ ಎಷ್ಟು ಬರಬೇಕು ಅನ್ನೋದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾರೆ. ಅದು ಮನೆಗೆ ಬಂದವರ ಕಣ್ಣಿಗೆಲ್ಲ ಬೀಳುತ್ತದೆ. ಅದಕ್ಕೇ ಒಂದು ಗುಪ್ತಲಿಪಿ ಮಾಡಿದೆ. ಅ ಯಿಂದ ಳ ವರೆಗಿನ 49 ಅಕ್ಷರಗಳಿಗೆ 0 ಯಿಂದ 48 ರವರೆಗೆ ಸಂಖ್ಯೆ ಕೊಟ್ಟೆ. ಪದವನ್ನು ವ್ಯಾಕರಣದ ತರಗತಿಯಲ್ಲಿ ಮಾಡುವ ಹಾಗೆ ಸ್ವರ, ವ್ಯಂಜನ ಅಂತ ಬಿಡಿಸಿದೆ. ಪ್ರತಿ ಸಂಖ್ಯೆಯನ್ನು 14 ರಿಂದ ಗುಣಿಸಿ, 5 ಕೂಡಿಸಿ, 49 ರಿಂದ ಭಾಗಿಸಿ ಶೇಷ ಬರೆದೆ. ಆದರೆ ವಾಪಸ್ ಓದೋಕೆ ಹೋದರೆ ಒಂದೊಂದು ಸಂಕೇತಕ್ಕೂ ಏಳೇಳು ಅಕ್ಷರ ಬರುತ್ತಿದೆ! ತಪ್ಪು ಎಲ್ಲಿದೆ? ಅದನ್ನು ಸರಿ ಮಾಡಿದರೆ ಲೆಕ್ಕದ ಅಂಕಿಗಳಿಗೂ, ಬ್ಯಾಂಕ್ ಪಾಸ್‌ವರ್ಡ್‌ಗೂ ಇದನ್ನೇ ಬಳಸಬಹುದಾ? ಗೆಳೆಯನಿಗೆ ಒಂದು ಪದ ಕೊಟ್ಟಿದ್ದೆ. ಒಂದು ಸಂಜೆಯೆಲ್ಲ ಕೂತರೂ ಅವನಿಗೆ ಒಡೆಯೋಕೆ ಆಗಲಿಲ್ಲ.

ಉತ್ತರ: ಮೊದಲು ಒಂದು ಸಮಾಧಾನ. ಈ ತಪ್ಪು ನಾನೂ ಮಾಡಿದ್ದೇನೆ. ತುಮಕೂರಿನಲ್ಲಿ ಹಾಸ್ಟೆಲಿನಲ್ಲಿದ್ದಾಗ ಯಾರು ನನಗೆ ಎಷ್ಟು ಕೊಡಬೇಕು ಅಂತ ಗುಟ್ಟಾಗಿ ಬರೆದಿಡುತ್ತಿದ್ದೆ. ಪ್ರತಿ ಅಂಕಿಯನ್ನು 6 ರಿಂದ ಗುಣಿಸಿ ಕೊನೆಯ ಅಂಕಿ ಮಾತ್ರ ಬರೆಯುವುದು ನನ್ನ ವಿಧಾನ. 2 ಆರಲಿ 12, ಬರೆದದ್ದು 2. 7 ಆರಲಿ 42, ಬರೆದದ್ದೂ 2. ತಿಂಗಳ ಕೊನೆಗೆ ಗೆಳೆಯ ಕೊಡಬೇಕಾದದ್ದು ಇಪ್ಪತ್ತು ರೂಪಾಯಿಯೋ ಎಪ್ಪತ್ತೋ ಗೊತ್ತಾಗಲಿಲ್ಲ. ಅವನು ಇಪ್ಪತ್ತು ಅಂದ. ನಾನೂ ಸುಮ್ನೆ ಇಪ್ಪತ್ತು ತಗೊಂಡೆ.

ಶೇಷದ ಲೆಕ್ಕ ನಮಗೆ ಹೊಸದೇನಲ್ಲ. ಶಕ ವರ್ಷಕ್ಕೆ 12 ಕೂಡಿಸಿ 60 ರಿಂದ ಭಾಗಿಸಿದರೆ ಬರುವ ಶೇಷವೇ ಸಂವತ್ಸರದ ಸಂಖ್ಯೆ. ಶಕ 1947 ಕ್ಕೆ 39 ಬರುತ್ತದೆ, ಅಂದರೆ ವಿಶ್ವಾವಸು. ಆದರೆ ಯಾರಾದರೂ ‘ನಾನು ವಿಶ್ವಾವಸುವಿನಲ್ಲಿ ಹುಟ್ಟಿದ್ದು’ ಅಂದರೆ ಅದು 1965 ಇರಬಹುದು, 1905 ಇರಬಹುದು. ಎಷ್ಟು ಸುತ್ತು ಆಯ್ತು ಅನ್ನೋದನ್ನು ಶೇಷ ಮರೆತುಬಿಡುತ್ತದೆ. ನಿಮ್ಮ ತೊಂದರೆಯ ಬೇರು ಅಲ್ಲೇ ಇದೆ.

49 ಮನೆಗಳು ದುಂಡಗೆ ಇವೆ ಅಂದುಕೊಳ್ಳಿ. ಅ ಯಿಂದ ಆ ಗೆ, ಆ ಯಿಂದ ಇ ಗೆ ಹೋದಾಗಲೆಲ್ಲ ನಿಮ್ಮ ಕಾಯಿ 14 ಮನೆ ಮುಂದೆ ಜಿಗಿಯುತ್ತದೆ. ಏಳು ಜಿಗಿತಕ್ಕೆ 98 ಮನೆ, ಅಂದರೆ ಸರಿಯಾಗಿ ಎರಡು ಸುತ್ತು. ಕಾಯಿ ಹೊರಟ ಮನೆಗೇ ಬಂತು! ಅಲ್ಲಿಂದ ಮುಂದೆ ಅದೇ ಏಳು ಮನೆಗಳಲ್ಲೇ ಸುತ್ತುತ್ತದೆ. ಅ, ಎ, ಅಃ, ಛ, ಢ, ಪ, ಲ ಈ ಏಳೂ ಅಕ್ಷರಗಳು ನಿಮ್ಮ ಲಿಪಿಯಲ್ಲಿ 5 ಆಗುತ್ತವೆ. ಉಳಿದ 42 ಮನೆಗಳನ್ನು ಯಾರೂ ಮುಟ್ಟುವುದೇ ಇಲ್ಲ.

14 ಕ್ಕೂ 49 ಕ್ಕೂ 7 ಸಾಮಾನ್ಯ ಅಪವರ್ತನ. ಅದೇ ತಪ್ಪು. ಗುಣಿಸುವ ಸಂಖ್ಯೆ ಮತ್ತು 49 ಇವುಗಳ ಮಹತ್ತಮ ಸಾಮಾನ್ಯ ಅಪವರ್ತನ (ಮ.ಸಾ.ಅ.) 1 ಇರಲೇಬೇಕು. ಅಂದರೆ 7 ರ ಮಗ್ಗಿಯಲ್ಲಿ ಬರುವ ಯಾವುದೂ ಬೇಡ. ಉಳಿಯುವುದು 42 ಗುಣಕಗಳು. ಇದೇ ಕಿರಿಕಿರಿ ಬೇಡ ಅಂದರೆ ಖಾಲಿ ಜಾಗ, ಪೂರ್ಣವಿರಾಮ, ಅಲ್ಪವಿರಾಮ, ಪ್ರಶ್ನಾರ್ಥಕ ಚಿಹ್ನೆ ಸೇರಿಸಿ 53 ಮಾಡಿಕೊಳ್ಳಿ. 53 ಅವಿಭಾಜ್ಯ ಸಂಖ್ಯೆ. 1 ರಿಂದ 52 ರವರೆಗೆ ಯಾವ ಗುಣಕ ಹಾಕಿದರೂ ನಡೆಯುತ್ತದೆ.

ಸದ್ಯಕ್ಕೆ 49 ರಲ್ಲೇ ಇರೋಣ. 14 ರ ಬದಲು 10 ತಗೊಳ್ಳಿ, ಕೂಡಿಸೋಕೆ 3. ಕೋಲಾರ ಅಂದರೆ ಕ್, ಓ, ಲ್, ಆ, ರ್, ಅ. ನಿಮ್ಮ ಸಂಖ್ಯೆಗಳಲ್ಲಿ 15, 11, 42, 1, 41, 0. ಹತ್ತರಿಂದ ಗುಣಿಸಿ, ಮೂರು ಕೂಡಿಸಿ, ಶೇಷ ತೆಗೆದರೆ 6, 15, 31, 13, 21, 3. ವಾಪಸ್ ಬರೋಕೆ ಮೊದಲು 3 ಕಳೆಯಬೇಕು, ಆಮೇಲೆ ‘10 ರಿಂದ ಭಾಗಿಸಬೇಕು’. ಶೇಷದ ಲೋಕದಲ್ಲಿ ಭಾಗಾಕಾರ ಇಲ್ಲ. ಅದರ ಕೆಲಸವನ್ನು ಇನ್ನೊಂದು ಗುಣಾಕಾರ ಮಾಡುತ್ತದೆ. ಹತ್ತೈದಲಿ 50, ಶೇಷ 1. ಹಾಗಾಗಿ 10 ರ ಕೆಲಸವನ್ನು 5 ಅಳಿಸುತ್ತದೆ. ಇಂಥ ಸಂಖ್ಯೆಗೆ ವಿಲೋಮ ಅಂತ ಹೆಸರು. ಮೂರನೇ ಸಂಕೇತ 31 ನೋಡಿ: 3 ಕಳೆದರೆ 28, ಐದರಿಂದ ಗುಣಿಸಿದರೆ 140, ಶೇಷ 42. ಲ ಸಿಕ್ಕಿತು.

10 ಕ್ಕೆ 5 ಅಂತ ಕಣ್ಣಲ್ಲೇ ಹೊಳೆಯಿತು. 15 ಕ್ಕೆ? ಮ.ಸಾ.ಅ. ಹುಡುಕುವ ಯೂಕ್ಲಿಡ್ ವಿಧಾನದ ಹಾಗೆ ಭಾಗಿಸುತ್ತಾ ಹೋಗಿ. 49 ರಲ್ಲಿ ಮೂರು 15 ಕಳೆದರೆ 4. 15 ರಲ್ಲಿ ಮೂರು 4 ಕಳೆದರೆ 3. 4 ರಲ್ಲಿ 3 ಕಳೆದರೆ 1. ಈಗ ಅದೇ ದಾರಿಯಲ್ಲಿ ಹಿಂದಕ್ಕೆ ಬನ್ನಿ: ಆ 1 ಅಂದರೆ ನಾಲ್ಕು 49 ರಲ್ಲಿ ಹದಿಮೂರು 15 ಕಳೆದದ್ದು. ಅಂದರೆ ಮೈನಸ್ 13, ಅಂದರೆ 36. ತಾಳೆ ನೋಡಿ, 15 × 36 = 540, 49 ರಿಂದ ಭಾಗಿಸಿದರೆ ಶೇಷ 1. ಇದಕ್ಕೆ ನಮ್ಮಲ್ಲಿ ಕುಟ್ಟಕ ಅಂತ ಹೆಸರು. ಸಂಖ್ಯೆಗಳನ್ನು ಕುಟ್ಟಿ ಕುಟ್ಟಿ ಸಣ್ಣದು ಮಾಡುವುದು. ಆರ್ಯಭಟ ಇದನ್ನು ಹೇಳಿದ್ದು 499 ರಲ್ಲಿ. ನೃಪತುಂಗನ ಕಾಲದಲ್ಲಿ ಇದ್ದ ಗಣಿತಜ್ಞ ಮಹಾವೀರಾಚಾರ್ಯರೂ ಈ ಲೆಕ್ಕಗಳನ್ನು ಮಾಡಿದ್ದಾರೆ. ಗುಪ್ತಲಿಪಿ ಅವರ ತಲೆಯಲ್ಲಿ ಇರಲಿಲ್ಲ ಬಿಡಿ. ಆದರೆ ನಿಮಗೆ ಬೇಕಾದ ಸಾಧನ ಅದೇ.

ಈಗ ಲಿಪಿ ಸರಿಯಾಯ್ತು, ತಪ್ಪಿಲ್ಲದೆ ಓದಬಹುದು. ಗಟ್ಟಿಯಾಯ್ತಾ? ಇಲ್ಲ.

42 ಗುಣಕ, 49 ಕೂಡುವ ಸಂಖ್ಯೆ, ಒಟ್ಟು 2058 ಕೀಲಿಗಳು. ಫೋನ್ ಇವನ್ನೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಪ್ರಯತ್ನಿಸುತ್ತದೆ. ಆದರೆ ನನ್ನನ್ನು ಕೇಳಿದರೆ ಫೋನೂ ಬೇಡ. ಕನ್ನಡ ಪದಗಳನ್ನು ಬಿಡಿಸಿ ಬರೆದರೆ ಅತಿ ಜಾಸ್ತಿ ಬರುವುದು ಅ. ನೀವು ಅ ಗೆ ಕೊಟ್ಟಿರುವುದು ಸೊನ್ನೆ. ಸೊನ್ನೆಯನ್ನು ಏನರಿಂದ ಗುಣಿಸಿದರೂ ಸೊನ್ನೆ. ಹಾಗಾಗಿ ಅ ಯಾವಾಗಲೂ ನಿಮ್ಮ ಕೂಡುವ ಸಂಖ್ಯೆಯೇ ಆಗಿ ಹೊರಗೆ ಬರುತ್ತದೆ. ಅರ್ಧ ಪುಟ ನೋಡಿ, ಅತಿ ಹೆಚ್ಚು ಸಲ ಬಂದ ಸಂಕೇತ ಹುಡುಕಿದರೆ ಅರ್ಧ ಕೀಲಿ ಸಿಕ್ಕ ಹಾಗೆ. ಬೀಗ ಹಾಕಿ ಕೀಲಿಯನ್ನು ಬಾಗಿಲಿಗೇ ತೂಗುಹಾಕಿದಂತೆ, ಅಲ್ವಾ? ಇನ್ನೊಂದು ಅಕ್ಷರ ಊಹಿಸಿದರೆ ಗುಣಕವೂ ಸಿಗುತ್ತದೆ. 23 ಅನ್ನೋದು ಇ ಇರಬೇಕು ಅನಿಸಿದರೆ, ಇ ಯ ಸಂಖ್ಯೆ 2, ಕೂಡಿದ್ದು 3, ಹಾಗಾದರೆ ಗುಣಕ 10. ಮುಗೀತು.

ಅ ಗೆ ಬೇರೆ ಸಂಖ್ಯೆ ಕೊಟ್ಟರೆ ತಪ್ಪುತ್ತದಾ ಅಂತ ಕೇಳಬಹುದು. ಇಲ್ಲ. ಎರಡು ಅಕ್ಷರ ಗೊತ್ತಾದರೆ ಎರಡು ಸಮೀಕರಣ ಸಿಗುತ್ತವೆ, ಸಾಮಾನ್ಯವಾಗಿ ಅಷ್ಟು ಸಾಕು. ಜೊತೆಗೆ ಕನ್ನಡದಲ್ಲಿ ವ್ಯಂಜನದ ಬೆನ್ನಿಗೆ ಸ್ವರ ಬರುವುದೇ ಹೆಚ್ಚು. ಙ, ಞ, ಝ ಅಪರೂಪ. ಕ್ಕ, ತ್ತ ಥರದ ಸಜಾತೀಯ ಒತ್ತಕ್ಷರ ಬಂದರೆ ಒಂದೇ ಸಂಕೇತ ಎರಡು ಸಲ ಪಕ್ಕಪಕ್ಕ ನಿಲ್ಲುತ್ತದೆ. ಇವೆಲ್ಲ ನಿಮ್ಮ ಲಿಪಿಯ ಮೂಲಕ ಹಾಗೇ ಕಾಣುತ್ತವೆ. ನಿಮ್ಮ ಗೆಳೆಯನಿಗೆ ಸೋಲಾದದ್ದು ಲಿಪಿ ಗಟ್ಟಿ ಇದ್ದದ್ದರಿಂದ ಅಲ್ಲ. ಕೊಟ್ಟದ್ದು ಒಂದೇ ಪದ, ಅದೂ ನಿಮಗೇ ವಾಪಸ್ ಓದೋಕೆ ಬಾರದ ಲಿಪಿಯಲ್ಲಿ. ಪಾಪ, ಅವನನ್ನು ಬೈಯಬೇಡಿ.

ಅಪ್ಪನ ಅಂಕಿಗಳ ವಿಷಯಕ್ಕೆ ಬರೋಣ. ಅಲ್ಲಿ ಮನೆಗಳು ಹತ್ತೇ. ಗುಣಕ 1, 3, 7, 9 ಮಾತ್ರ ನಡೆಯುತ್ತದೆ, ಒಟ್ಟು 40 ಕೀಲಿ. 7 ರಿಂದ ಗುಣಿಸಿ 4 ಕೂಡಿಸುವ ಕೀಲಿಯಲ್ಲಿ 45000 ಬರೆಯಿರಿ: 29444. ಸಾಲದ ಮೊತ್ತ ಸಾಮಾನ್ಯವಾಗಿ ಸೊನ್ನೆಗಳಿಂದ ಮುಗಿಯುತ್ತದೆ ಅನ್ನೋದು ಊರಿಗೆಲ್ಲ ಗೊತ್ತು. ಪುಟದ ತುಂಬ 444, 44 ಅಂತ ಕೊನೆಯಾದರೆ 4 ಅಂದರೆ ಸೊನ್ನೆ ಅಂತ ನಿಮ್ಮ ತಂಗಿಯೂ ಹೇಳುತ್ತಾಳೆ. ಮತ್ತೆ ಅದೇ ಸೊನ್ನೆ ಮನೆಮುರುಕ ಕೆಲಸ ಮಾಡಿತು.

ಇಲ್ಲಿಗೆ ಒಂದು ಒಳ್ಳೆ ಉಪಾಯ ಇದೆ. ಸಿಕ್ಕಾಪಟ್ಟೆ ಸರಳ, ಆದರೆ ಶಿಸ್ತು ಬೇಕು. 0 ಯಿಂದ 9 ರವರೆಗೆ ಹತ್ತು ಚೀಟಿ ಬರೆದು ಡಬ್ಬಿಗೆ ಹಾಕಿ. ಕುಲುಕಿ ಒಂದು ತೆಗೆಯಿರಿ, ಬರೆದುಕೊಳ್ಳಿ, ಚೀಟಿ ವಾಪಸ್ ಹಾಕಿ, ಮತ್ತೆ ಕುಲುಕಿ. ಹೀಗೆ 83617 ಬಂತು ಅನ್ನಿ. 45000 ಕ್ಕೆ ಅಂಕಿಗೆ ಅಂಕಿ ಕೂಡಿಸಿ, ಆದರೆ ಕೈಯಲ್ಲಿ ಒಂದು ಇಟ್ಟುಕೊಳ್ಳಬೇಡಿ. 4 ಮತ್ತು 8 ಸೇರಿ 12, ಬರೆಯುವುದು 2 ಮಾತ್ರ. ಒಟ್ಟು 28617. ಇದನ್ನು ಯಾವ ಕಂಪ್ಯೂಟರ್ ಕೂಡ ಒಡೆಯಲಾರದು. ಯಾಕೆಂದರೆ ಐದು ಅಂಕಿಯ ಯಾವುದೇ ಮೊತ್ತಕ್ಕೂ ಸರಿಹೊಂದುವ ಚೀಟಿ ಸಾಲು ಒಂದು ಇದ್ದೇ ಇರುತ್ತದೆ. ಯಾವುದು ನಿಜ ಅಂತ ಹೇಳೋಕೆ ದಾರಿಯೇ ಇಲ್ಲ. ಅಮೆರಿಕದ ಗಣಿತಜ್ಞ ಕ್ಲಾಡ್ ಶಾನನ್ ಇದಕ್ಕೆ ಗಣಿತದ ಪುರಾವೆ ಕೊಟ್ಟು 1949 ರಲ್ಲಿ ಪ್ರಕಟಿಸಿದರು.

ಶರತ್ತು: ಒಂದು ಸಾಲನ್ನು ಒಂದೇ ಸಲ ಬಳಸಬೇಕು. ಎರಡನೇ ಸಲ ಬಳಸಿದರೆ, ಎರಡು ಸಂಕೇತಗಳನ್ನು ಒಂದರಿಂದೊಂದು ಕಳೆದಾಗ ಚೀಟಿಯ ಅಂಕಿಗಳು ಮಾಯವಾಗಿ ಎರಡು ಮೊತ್ತಗಳ ವ್ಯತ್ಯಾಸ ಹೊರಗೆ ಬೀಳುತ್ತದೆ. ಸೋವಿಯತ್ ಗೂಢಚಾರರೇ 1940 ರ ದಶಕದಲ್ಲಿ ಈ ತಪ್ಪಿಗೆ ಸಿಕ್ಕಿಬಿದ್ದರು. ಅವರ ಕೀಲಿ ಪುಟಗಳಲ್ಲಿ ಕೆಲವು ಎರಡು ಸಲ ಮುದ್ರಣವಾಗಿದ್ದವು. ಅಮೆರಿಕದವರು ಕೂತು ಅವರ ಸಂದೇಶಗಳಲ್ಲಿ ಒಂದು ಭಾಗವನ್ನು ಓದಿದರು. ವೆನೋನಾ ಅಂತ ಆ ಕೆಲಸದ ಹೆಸರು.

ಇನ್ನೊಂದು ವಿಷಯ ಜಾಸ್ತಿ ಜನ ಗಮನಿಸಲ್ಲ. ಮೇಲಿನ 28617 ರಲ್ಲಿ ಮೊದಲ ಅಂಕಿ 2 ನ್ನು ಯಾರೋ 7 ಮಾಡಿದರು ಅನ್ನಿ. ಅವರಿಗೆ ಕೀಲಿ ಗೊತ್ತಿಲ್ಲ, ಮೊತ್ತವೂ ಗೊತ್ತಿಲ್ಲ. ಆದರೆ ಅಪ್ಪ ಚೀಟಿಯ ಅಂಕಿಗಳನ್ನು ಕಳೆದು ವಾಪಸ್ ಓದಿದಾಗ 45000 ಇದ್ದದ್ದು 95000 ಆಗಿರುತ್ತದೆ! ಮುಚ್ಚಿಡುವುದು ಬೇರೆ, ತಿದ್ದದಂತೆ ಕಾಯುವುದು ಬೇರೆ. ಲೆಕ್ಕದ ಪುಸ್ತಕಕ್ಕೆ ಎರಡನೆಯದೇ ಮುಖ್ಯ ಅಂತ ನನಗನಿಸುತ್ತದೆ. ಮತ್ತೆ ಚೀಟಿಯ ಅಂಕಿಗಳನ್ನು ಬರೆದ ಹಾಳೆಯನ್ನೂ ಎಲ್ಲೋ ಬಚ್ಚಿಡಬೇಕಲ್ಲ? ಅಂಥ ಜಾಗ ಮನೆಯಲ್ಲಿದ್ದರೆ ನೋಟ್‌ಬುಕ್ಕನ್ನೇ ಅಲ್ಲಿಡಿ. ಬೀರುವಿಗೆ ಬೀಗ ಇದೆ ತಾನೆ.

ಪಾಸ್‌ವರ್ಡ್‌ಗೆ ನಿಮ್ಮ ಲಿಪಿ ಖಂಡಿತ ಬೇಡ. ಒಳ್ಳೆಯ ಪಾಸ್‌ವರ್ಡ್ ಮ್ಯಾನೇಜರ್ ಬಳಸಿ. ವಿಧಾನ ಶತ್ರುವಿಗೆ ಗೊತ್ತಿದ್ದರೂ ಕೀಲಿ ಒಂದು ಗುಟ್ಟಾಗಿದ್ದರೆ ಸಾಕು, ಹಾಗಿರಬೇಕು ಲಿಪಿ ಅಂತ ಡಚ್ ಭಾಷಾತಜ್ಞ ಕೆರ್ಕಾಫ್ಸ್ 1883 ರಲ್ಲೇ ಬರೆದಿದ್ದರು. ಇವತ್ತು ಕಂಪ್ಯೂಟರ್, ಫೋನುಗಳಲ್ಲಿ ಎಲ್ಲೆಡೆ ಬಳಸುವ ಎಇಎಸ್ (AES) ಅನ್ನೋ ಗುಪ್ತಲಿಪಿ ಹಾಗೇ ಆಯ್ಕೆಯಾದದ್ದು: ಹದಿನೈದು ವಿನ್ಯಾಸಗಳನ್ನು ಬಹಿರಂಗವಾಗಿ ಇಟ್ಟು, ಒಡೆಯಿರಿ ನೋಡೋಣ ಅಂದು, ಉಳಿದವುಗಳಲ್ಲಿ ಒಂದನ್ನು ಆರಿಸಿ 2001 ರಲ್ಲಿ ಮಾನದಂಡ ಮಾಡಿದರು. ನಿಮಗೆ ಖುಷಿಯಾಗುವ ಮಾತು: ಅದರೊಳಗೂ ನಿಮ್ಮ ‘ಗುಣಿಸು, ಕೂಡು’ ಹೆಜ್ಜೆಯ ಸೋದರ ಒಂದಿದೆ. ಆದರೆ ಅದಕ್ಕೆ ಮುಂಚೆ ನೀವು ಈಗ ಕಲಿತ ವಿಲೋಮವನ್ನೂ ತೆಗೆಯುತ್ತಾರೆ, ಆಮೇಲೆ ಅಕ್ಷರಗಳ ಜಾಗ ಬದಲಿಸಿ ಕಲಸುತ್ತಾರೆ. ಕನಿಷ್ಠ ಹತ್ತು ಸಲ.

ಇಷ್ಟು ಕೇಳಿ ಲಿಪಿ ಮಾಡೋದನ್ನೇ ಬಿಡಬೇಡಿ. ಮಾಡಿ, ಆದರೆ ಮಾಡಿದ ದಿನವೇ ಒಡೆಯೋಕೂ ಕೂತುಕೊಳ್ಳಿ. ಶುರುಮಾಡೋಕೆ ನಿಮ್ಮ 49 ಸಂಖ್ಯೆಗಳಲ್ಲೇ ನಿಮ್ಮ ಜಿಲ್ಲೆಯ ಒಂದು ಊರಿನ ಹೆಸರು ಕೊಡುತ್ತೇನೆ. ಕೀಲಿ ಹೇಳುವುದಿಲ್ಲ.

46, 39, 25, 25, 9, 10, 20, 35, 20, 3, 3, 5

2058 ಕೀಲಿ ಪ್ರಯತ್ನಿಸಬೇಡಿ. ಪಕ್ಕಪಕ್ಕದ ಜೋಡಿಗಳನ್ನು ನೋಡಿ, ಜೋಡಿಯಲ್ಲದೆ ಎರಡು ಸಲ ಬಂದ ಸಂಖ್ಯೆಯನ್ನು ನೋಡಿ. ಆಮೇಲೆ, ನಿಮ್ಮ ಕಡೆಯ ಊರುಗಳ ಹೆಸರು ಸಾಮಾನ್ಯವಾಗಿ ಹೇಗೆ ಕೊನೆಯಾಗುತ್ತವೆ ಅಂತ ಬಸ್ ಬೋರ್ಡುಗಳನ್ನು ಒಮ್ಮೆ ನೆನಪಿಸಿಕೊಳ್ಳಿ. ಗೆಳೆಯನನ್ನೂ ಕೂರಿಸಿಕೊಳ್ಳಿ.