ಜರ್ಮನಿಯಲ್ಲಿ ಓದುತ್ತಲೇ ಗೊಂಬೆ ಅಂಗಡಿ: ಮೊದಲು ಹಸಿರು ಹಾಳೆ ಓದಿ

ಜರ್ಮನಿಯಲ್ಲಿ ಡಿಜಿಟಲ್ ಉದ್ಯಮಶೀಲತೆಯ ಮಾಸ್ಟರ್ಸ್ ಓದುತ್ತಾ, ಚನ್ನಪಟ್ಟಣದ ಗೊಂಬೆ ಮಾರುವ ಆನ್‌ಲೈನ್ ಅಂಗಡಿಯನ್ನೂ ತೆರೆಯಬಹುದೇ ಎಂದು ಕೇಳಿದ್ದೀರಿ. ತೆರೆಯಬಹುದು, ಆದರೆ ಬಂದಿಳಿದ ವಾರವೇ ಅಲ್ಲ.

ಜರ್ಮನಿಯಲ್ಲಿ ಇರಲು ಕೊಡುವ ವಿದ್ಯಾರ್ಥಿ ಪರ್ಮಿಟ್ ಕಾರ್ಡಿನ ಜೊತೆ ಸಾಮಾನ್ಯವಾಗಿ ತ್ಸುಜಾಟ್ಸ್‌ಬ್ಲಾಟ್ ಎಂಬ ಹಸಿರು ಹಾಳೆ ಬರುತ್ತದೆ. ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ಸಂಬಳಕ್ಕೆ ದುಡಿಯಬಹುದು ಎಂದು ಅದು ಹೇಳುತ್ತದೆ. ವಿಶ್ವವಿದ್ಯಾಲಯದೊಳಗಿನ ಸಹಾಯಕ ಕೆಲಸ ಈ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಸ್ವಂತ ವ್ಯವಹಾರ ಬೇರೆಯೇ ವಿಷಯ. ಅದಕ್ಕೆ ವಿದೇಶಿಯರ ಕಚೇರಿಯ ಪ್ರತ್ಯೇಕ ಅನುಮತಿ ಬೇಕು. ಇಲ್ಲೇ ಬಹಳ ಜನ ಎಡವುತ್ತಾರೆ. ಬೆಂಗಳೂರಿನ ಗಿರಾಕಿಗೆ ವೆಬ್‌ಸೈಟ್ ಮಾಡಿಕೊಟ್ಟು ದುಡ್ಡನ್ನು ಊರಿನ ಖಾತೆಗೆ ಹಾಕಿಸಿಕೊಂಡರೆ ತೊಂದರೆಯಿಲ್ಲ ಅಂದುಕೊಳ್ಳುತ್ತಾರೆ. ಕೂತು ಕೆಲಸ ಮಾಡಿದ್ದು ಜರ್ಮನಿಯಲ್ಲಿ ತಾನೇ? ಹಾಗಾಗಿ ಅದೂ ಸ್ವಂತ ವ್ಯವಹಾರವೇ.

ಅನುಮತಿ ಕೊಡುವುದು ಬಿಡುವುದು ಅಧಿಕಾರಿಯ ವಿವೇಚನೆಗೆ ಬಿಟ್ಟದ್ದು. ಏನು ಮಾರುತ್ತೀರಿ, ವಾರಕ್ಕೆ ಎಷ್ಟು ಗಂಟೆ, ಎಷ್ಟು ಆದಾಯದ ಅಂದಾಜು ಎಂದು ಎರಡು ಮೂರು ಪುಟ ಬರೆದು, ಓದು ಸರಿಯಾಗಿ ನಡೆಯುತ್ತಿದೆ ಎನ್ನಲು ಅಂಕಪಟ್ಟಿ ಲಗತ್ತಿಸಿ. ವಾರಕ್ಕೆ 20 ಗಂಟೆಯೊಳಗೇ ಇರಿ. ವ್ಯವಹಾರವೇ ಮುಖ್ಯ ಕಸುಬು ಎಂದು ವಿಮಾ ಸಂಸ್ಥೆಗೆ ಅನ್ನಿಸಿದರೆ ವಿದ್ಯಾರ್ಥಿ ದರದ ಆರೋಗ್ಯ ವಿಮೆ ಕೈತಪ್ಪುತ್ತದೆ. ಅನುಮತಿ ಕೈಗೆ ಬಂದಮೇಲೆ ಜರ್ಮನಿಯಲ್ಲಿ ನೀವಿರುವ ಊರಿನ ಗೆವೆರ್ಬೆ, ಅಂದರೆ ವ್ಯಾಪಾರ ನೋಂದಣಿ ಕಚೇರಿಯಲ್ಲಿ ನೋಂದಣಿ, ಒಂದು ತಿಂಗಳೊಳಗೆ ತೆರಿಗೆ ಇಲಾಖೆಯ ಎಲ್ಸ್ಟರ್ ತಾಣದಲ್ಲಿ ಪ್ರಶ್ನಾವಳಿ. ಈ ಅನುಕ್ರಮ ತಪ್ಪಿಸಬೇಡಿ.

ಆ ಪ್ರಶ್ನಾವಳಿಯಲ್ಲೇ ಸಣ್ಣ ವ್ಯಾಪಾರಿ ಆಯ್ಕೆ ಕೇಳುತ್ತಾರೆ. 2025ರಿಂದ ಇದರ ಮಿತಿ ಹಿಂದಿನ ವರ್ಷದ ವಹಿವಾಟು 25,000 ಯೂರೋ. ಆರಿಸಿಕೊಂಡರೆ ಬಿಲ್ಲಿಗೆ ವ್ಯಾಟ್ ಸೇರಿಸಬೇಕಿಲ್ಲ, ನಿಜ. ಆದರೆ ಗೊಂಬೆ ಆಮದಾಗುವಾಗ ನೀವು ಕಟ್ಟಿದ 19% ವ್ಯಾಟ್ ವಾಪಸ್ ಬರುವುದಿಲ್ಲ. ಕೈಗೆ ವಸ್ತುವೇ ಬಾರದ ಸೇವೆಗಳಿಗೆ ಈ ಆಯ್ಕೆ ಒಳ್ಳೆಯದು. ಆಮದು ವ್ಯಾಪಾರಕ್ಕೆ ಮೊದಲು ಪೆನ್ನು ಹಿಡಿದು ಲೆಕ್ಕ ಹಾಕಿ.

ಇನ್ನು ವೆಬ್‌ಸೈಟ್. ಹೆಸರು, ಬಾಗಿಲು ಸಂಖ್ಯೆಯಿರುವ ವಿಳಾಸ, ಇಮೇಲ್ ಇರುವ ಇಂಪ್ರೆಸುಮ್ ಪುಟ ಕಡ್ಡಾಯ, ಅಂಚೆಪೆಟ್ಟಿಗೆ ಸಂಖ್ಯೆ ನಡೆಯದು. ಕೊನೆಯ ಬಟನ್ ಮೇಲೆ ‘ತ್ಸಾಲುಂಗ್ಸ್‌ಫ್ಲಿಖ್ಟಿಗ್ ಬೆಷ್ಟೆಲೆನ್’, ಅಂದರೆ ‘ಹಣ ಕೊಡುವ ಹೊಣೆಯೊಂದಿಗೆ ಆರ್ಡರ್’ ಎಂದೋ ಅಷ್ಟೇ ಸ್ಪಷ್ಟವಾದ ಮಾತೋ ಇರಬೇಕು. ಬರೀ ‘ಮುಂದೆ’ ಎಂದಿದ್ದರೆ ಗಿರಾಕಿ ಒಪ್ಪಂದಕ್ಕೆ ಕಟ್ಟುಬೀಳುವುದಿಲ್ಲ. 14 ದಿನದ ವಾಪಸಾತಿ ಹಕ್ಕನ್ನು ತಿಳಿಸದಿದ್ದರೆ ಆ ಗಡುವು ಇನ್ನೂ 12 ತಿಂಗಳು ಬೆಳೆಯುತ್ತದೆ. ಮೊದಲ ಪಾರ್ಸೆಲ್‌ಗೂ ಮುಂಚೆ ಲುಸಿಡ್ ಎಂಬ ಪ್ಯಾಕಿಂಗ್ ವಸ್ತುಗಳ ಸರ್ಕಾರಿ ನೋಂದಣಿ ಪಟ್ಟಿಯಲ್ಲಿ ದಾಖಲಾತಿ ಆಗಿರಬೇಕು. ಇವುಗಳಲ್ಲಿ ಲೋಪ ಕಂಡರೆ ಪ್ರತಿಸ್ಪರ್ಧಿಯ ವಕೀಲರಿಂದ ಆಬ್‌ಮಾನುಂಗ್ ಎಂಬ ಎಚ್ಚರಿಕೆ ಪತ್ರ ಬರಬಹುದು, ಕೆಲವು ಸಲ ವಕೀಲರ ಬಿಲ್ಲನ್ನೂ ಹೊತ್ತುಕೊಂಡು.

ಕಂಪನಿ ಸ್ಥಾಪಿಸುವ ಆತುರ ಬೇಡ. ಒಂದು ಯೂರೋ ಬಂಡವಾಳಕ್ಕೆ ಊಗೆ (UG) ಎಂಬ ಸೀಮಿತ ಹೊಣೆಯ ಸಣ್ಣ ಕಂಪನಿ ಆಗುತ್ತದೆ ಎಂಬುದು ಕಾಗದದ ಮೇಲಿನ ಮಾತು. ನೋಟರಿ, ನೋಂದಣಿ ಖರ್ಚು ಬೀಳುತ್ತಿದ್ದಂತೆ ಅದು ಸಾಲದಲ್ಲೇ ಹುಟ್ಟುತ್ತದೆ. ಜೊತೆಗೆ, ಪದವೀಧರರಿಗೆ ತಿಂಗಳಿಗೆ 2,500 ಯೂರೋ ಕೊಡುವ ಎಕ್ಸಿಸ್ಟ್ ಎಂಬ ಸರ್ಕಾರಿ ಸ್ಟಾರ್ಟ್‌ಅಪ್ ಅನುದಾನದ ಆಸೆಯಿದ್ದರೆ, ಅದು ಶುರುವಾಗುವ ಮೊದಲು ಕಂಪನಿ ಸ್ಥಾಪನೆ ಆಗಿರಬಾರದು. ಹೊಸ ತಂತ್ರಜ್ಞಾನ ಇಲ್ಲದ ಗೊಂಬೆ ಅಂಗಡಿಗೆ ಅದು ದಕ್ಕುವುದೂ ಕಷ್ಟವೇ. ಅರ್ಜಿ ಹಾಕುವುದು ನೀವಲ್ಲ, ವಿಶ್ವವಿದ್ಯಾಲಯ. ಆದ್ದರಿಂದ ಕೋರ್ಸಿನ ಹೆಸರಿಗೆ ಮರುಳಾಗದೆ, ಅಲ್ಲಿ ಉದ್ಯಮ ಆರಂಭಿಸುವವರಿಗೆ ಸಲಹಾ ಕಚೇರಿ ಇದೆಯೇ ನೋಡಿ. ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯದ ಪಕ್ಕದಲ್ಲಿ ಉಂಟರ್‌ನೇಮರ್‌ಟುಮ್ ಎಂಬ ಸ್ಟಾರ್ಟ್‌ಅಪ್ ನೆರವು ಕೇಂದ್ರ ಇದೆ, ಆದರೆ ಅಲ್ಲಿ ಯುರೋಪಿಯನ್ ಒಕ್ಕೂಟದ ಹೊರಗಿನವರಿಗೆ ಮಾಸ್ಟರ್ಸ್ ಶುಲ್ಕ ಸಾಮಾನ್ಯವಾಗಿ ಸೆಮಿಸ್ಟರ್‌ಗೆ 4,000ದಿಂದ 6,000 ಯೂರೋ. ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ 1,500.

ಖರ್ಚಿನ ಮಾತು: ವೀಸಾಕ್ಕಾಗಿ ಮೊದಲೇ ತುಂಬಿಡುವ ಬ್ಲಾಕ್ಡ್ ಅಕೌಂಟಿನ 11,904 ಯೂರೋ ತಿಂಗಳಿಗೆ 992ರಂತೆ ಬಿಡುಗಡೆಯಾಗುತ್ತದೆ. ಅದು ಹೊಟ್ಟೆಬಟ್ಟೆ ಬಾಡಿಗೆಗೆ, ಮ್ಯೂನಿಕ್‌ನಲ್ಲಿ ಅದಕ್ಕೂ ಬಿಗಿ. ಅಂಗಡಿಯ ಬಂಡವಾಳ ಬೇರೆಯೇ ಇಟ್ಟುಕೊಳ್ಳಿ. ನಿಮ್ಮ ಭಾರತೀಯ ಅಂಕಪಟ್ಟಿ, ಪದವಿಗಳನ್ನು ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರಕ್ಕೆ ಪ್ರವೇಶದ ಗಡುವಿಗಿಂತ ತಿಂಗಳುಗಳ ಮುಂಚೆ ಅರ್ಜಿ ಹಾಕಿ.

ಓದುವಾಗಲೇ ಸ್ವಂತ ವ್ಯವಹಾರಕ್ಕೆ ಅನುಮತಿ ಸಿಗದಿದ್ದರೆ ನಿರಾಶೆ ಬೇಡ. ಪದವಿಯ ನಂತರ ಕೆಲಸ ಹುಡುಕಲು ಸಿಗುವ 18 ತಿಂಗಳಲ್ಲಿ ಸ್ವಂತ ವ್ಯವಹಾರಕ್ಕೂ ಅವಕಾಶವಿದೆ, ಆಮೇಲೆ ಓದಿಗೆ ಸಂಬಂಧಪಟ್ಟ ಉದ್ಯಮಕ್ಕೆ ಪರ್ಮಿಟ್ ಕೇಳಬಹುದು. ಅಲ್ಲಿಯವರೆಗೆ ಗೊಂಬೆಯ ಕೆಲಸವನ್ನು ಊರಲ್ಲೇ ಮುಗಿಸಿಕೊಳ್ಳಿ. ಮಕ್ಕಳ ಆಟಿಕೆಗೆ ಜರ್ಮನಿಯಲ್ಲಿ ಸಿಇ ಎಂಬ ಯುರೋಪಿನ ಸುರಕ್ಷತಾ ಗುರುತು ಬೇಕು, ಆಮದು ಮಾಡುವವರ ಹೆಸರು, ವಿಳಾಸವೂ ಅದರ ಮೇಲಿರಬೇಕು, ಅಂದರೆ ನಿಮ್ಮದು. ವಿಮಾನ ಹತ್ತುವ ಮುಂಚೆ ಚನ್ನಪಟ್ಟಣದ ತಯಾರಕರ ಬಳಿ ಯುರೋಪಿನ ಆಟಿಕೆ ಸುರಕ್ಷತಾ ಮಾನದಂಡವಾದ ಇಎನ್ 71ರ ಪರೀಕ್ಷಾ ವರದಿ ಇದೆಯೇ, ಅದು ಈಗ ಬಳಸುವ ಅರಗು, ಬಣ್ಣಗಳದ್ದೇ ಹೌದೇ ಎಂದು ಕೇಳಿ ನೋಡಿ.