ಓದುಗರ ಪ್ರಶ್ನೆ: ಜರ್ಮನಿಯ ಎಂಟು ಗಂಟೆ ನ್ಯೂಸಿನ ಡಾಗ್ಮಾರ್

ಪ್ರಶ್ನೆ: ಜರ್ಮನಿಯಲ್ಲಿ ಕೆಲಸ ಮಾಡೋ ನನ್ನ ಮಗಳು ಡಾಗ್ಮಾರ್ ಬೆರ್ಗ್‌ಹಾಫ್ ಅನ್ನೋರ ಬಗ್ಗೆ ಹೇಳ್ತಿದ್ಲು. ಅಲ್ಲಿ ಟಿವಿ ನ್ಯೂಸ್ ಓದಿದ ಮೊದಲ ಹೆಂಗಸು ಇವರೇನಾ? ಬೇರೆಯವರು ಬರೆದಿದ್ದನ್ನ ಓದಿದ್ದಕ್ಕೆ ಅಷ್ಟೊಂದು ಹೆಸರು ಯಾಕೆ? (ಓದುಗರು, ಹಾಸನ)

ಉತ್ತರ: ಮೊದಲನೆಯವರು ಅನ್ನೋದು ಪೂರ್ತಿ ಸರಿಯಲ್ಲ. ಪಶ್ಚಿಮ ಜರ್ಮನಿಯ ಝಡ್‌ಡಿಎಫ್ ಚಾನೆಲ್‌ನಲ್ಲಿ 1971ರಲ್ಲೇ ವಿಬ್ಕೆ ಬ್ರೂನ್ಸ್ ನ್ಯೂಸ್ ಓದಿದ್ರು. ಡಾಗ್ಮಾರ್ ಮೊದಲಿಗರಾಗಿದ್ದು ಎಆರ್‌ಡಿ ಅನ್ನೋ ಇನ್ನೊಂದು ಚಾನೆಲ್‌ನ ಟಾಗೆಸ್‌ಶಾವ್ ನ್ಯೂಸ್‌ನಲ್ಲಿ, 1976ರ ಜೂನ್ 16ಕ್ಕೆ. ಅದು 1952ರಿಂದ ಹಾಂಬುರ್ಗ್‌ನಿಂದ ಬರೋ ಬುಲೆಟಿನ್, ರಾತ್ರಿ ಎಂಟಕ್ಕೆ ಶುರುವಾಗಿ ಕಾಲು ಗಂಟೆ ಇರುತ್ತೆ, ಆ ಹೊತ್ತಲ್ಲಿ ಯಾರ ಮನೆಗೂ ಫೋನ್ ಮಾಡ್ಬಾರ್ದು ಅನ್ನೋಷ್ಟು ಅಭ್ಯಾಸ ಆಗೋಗಿತ್ತು ಅಲ್ಲಿನವರಿಗೆ.

ಇನ್ನು ‘ಬರೀ ಓದೋದು’ ಅಂದ್ರಲ್ಲ, ಅದನ್ನ ಮಾತ್ರ ನಾನು ಒಪ್ಪಲ್ಲ. ಹೌದು, ಸುದ್ದಿ ಬರೆಯೋರು ಸಂಪಾದಕರು, ಇವರು ಓದೋರು, ಆದ್ರೆ ಹಾಂಬುರ್ಗ್‌ನಲ್ಲಿ ನಟನೆ ಕಲಿತು ಬಾಡೆನ್-ಬಾಡೆನ್‌ನಲ್ಲಿ ಅನೌನ್ಸರ್ ಆಗಿದ್ದವರು ಇಲ್ಲಿ ಬಂದು ಆ ನಟನೆಯನ್ನೆಲ್ಲ ಪಕ್ಕಕ್ಕಿಟ್ಟು, ಸಾವಿನ ಸುದ್ದಿಗೂ ಚುನಾವಣೆ ಸುದ್ದಿಗೂ ತನ್ನ ಅಭಿಪ್ರಾಯ ದನಿಯಲ್ಲಿ ಸೇರದ ಹಾಗೆ ವರ್ಷಗಟ್ಟಲೆ ಓದಿದ್ರು, ಅದು ಸಲೀಸಾದ ಕೆಲಸ ಅಲ್ವೇ ಅಲ್ಲ. ಜನ ನಂಬಿದ್ದು ಅದಕ್ಕೇ.

1988ರಲ್ಲಿ ಒಂದು ಘಟನೆ ಆಯ್ತು. ಬೋರಿಸ್ ಬೆಕರ್ ಡಲ್ಲಾಸ್‌ನಲ್ಲಿ ಡಬ್ಲ್ಯೂಸಿಟಿ ಅನ್ನೋ ಟೆನಿಸ್ ಟೂರ್ನಿ ಗೆದ್ದಿದ್ರು, ಓದೋವಾಗ ಕೊನೇ ‘ಟಿ’ ಬಿಟ್ಟೋಯ್ತು, ಡಬ್ಲ್ಯೂಸಿ ಟೂರ್ನಿ ಅಂದ್ಬಿಟ್ರು! ಜರ್ಮನ್‌ನಲ್ಲೂ ಡಬ್ಲ್ಯೂಸಿ ಅಂದ್ರೆ ಟಾಯ್ಲೆಟ್ಟೇ. ತಿದ್ಕೊಂಡು ಮುಂದಕ್ಕೋದ್ರೂ ನಗು ಒಳಗಿಂದ ಉಕ್ಕುತ್ತಾನೇ ಇತ್ತು, ತಡೆಯೋಕಾಗ್ಲಿಲ್ಲ. ಒಂದು ಡಜನ್ ವರ್ಷ ಮುಖ ಗಂಭೀರವಾಗಿ ಇಟ್ಕೊಂಡು ಕೂತವರು ನಕ್ಕಾಗ ಇಡೀ ದೇಶಕ್ಕೆ ಖುಷಿ ಆಯ್ತು, ಇವತ್ತಿಗೂ ಅಲ್ಲಿನವರು ನೆನೆಸ್ಕೋತಾರೆ.

ವೆರ್ನರ್ ಫೈಗೆಲ್ ನಂತರ 1995ರಲ್ಲಿ ಇವರೇ ಮುಖ್ಯ ವಾರ್ತಾವಾಚಕಿ ಆದ್ರು, 1999ರ ಡಿಸೆಂಬರ್ 31ಕ್ಕೆ ಕೊನೇ ಸಲ ಓದಿ ಎದ್ರು. ಮಗಳಿಗೆ ಹೇಳಿ ಆ ಟೆನಿಸ್ ಕ್ಲಿಪ್ ತೋರಿಸೋಕೆ. ಜರ್ಮನ್ ಒಂದಕ್ಷರ ಬರದಿದ್ರೂ, ತುಟಿ ಬಿಗಿ ಹಿಡಿದು ಅವರು ಪಡೋ ಪಾಡು ನಿಮಗೆ ಗೊತ್ತಾಗುತ್ತೆ.